ಗುವಾಹಟಿಗೆ ಮೂರೇ ತಾಸು

ನಿನ್ನೆ ಸಂಜೆ ಚಹಾ ಕುಡಿಯುತ್ತ ನಮ್ಮವರು ಮೊಬೈಲಿನಲ್ಲಿ ಬೆಳಗಾವಿಯಿಂದ ಕೋಲ್ಕತ್ತಾಕ್ಕೆ ವಿಮಾನದ ದೂರ ನೋಡುತ್ತಿದ್ದರು. ಗೆಳೆಯನ ಮಗಳ ಮದುವೆಗೆ ಹೋಗಬೇಕಂತೆ. ಪರದೆಯ ಮೇಲೆ ಎರಡು ಚುಕ್ಕಿ, ನಡುವೆ ಬಿಲ್ಲಿನಂತೆ ಬಾಗಿದ ಗೆರೆ. ಅಂಥ ಗೆರೆ ಕಂಡರೆ ಇವತ್ತಿಗೂ ನನ್ನ ಮುಖ ಸಣ್ಣದಾಗುತ್ತದೆ. ಯಾಕೆಂದು ಹೇಳುತ್ತೇನೆ, ನಗಬೇಡಿ.

ನಾದಿನಿ ಸವಿತಾಳ ಗಂಡ ಮಿಲಿಟರಿಯಲ್ಲಿದ್ದಾರೆ. ಆಗ ಗುವಾಹಟಿಯಲ್ಲಿದ್ದರು. ಚೊಚ್ಚಲ ಹೆರಿಗೆಗೆ ಅವಳು ತವರಾದ ಅಥಣಿಗೆ ಬರುವ ಮೊದಲೇ ಕೂಸು ಅವಸರ ಮಾಡಿತು. ಐದನೆಯ ದಿನ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಅವಳಿಗೆಂದು ಹಾಳೆ, ಪೆನ್ನು ಇಟ್ಟು, ಹೊತ್ತು ಮುಳುಗುವುದರೊಳಗೆ ಬಾಣಂತಿಯ ತಾಯಿಯೇ ದೀಪ ಹಚ್ಚಬೇಕು. ನಮ್ಮ ಮನೆಯ ಪದ್ಧತಿ ಅದು. ತಪ್ಪಿದರೆ ಆಕೆ ಏನು ಬರೆದಾಳೋ ಎಂದು ಅತ್ತೆಯವರಿಗೆ ಊಟ ಸೇರಲಿಲ್ಲ. ಟಿಕೆಟ್ ಸಿಕ್ಕದ್ದೂ ಸರಿಯಾಗಿ ಐದನೆಯ ದಿನಕ್ಕೇ.

ಕಾನ್ವೆಂಟಿನಲ್ಲಿ ಕಲಿತ ಸೊಸೆ ಎಂದು ಜೊತೆಗೆ ನನ್ನನ್ನು ಹೊರಡಿಸಿದರು. ನಾನೂ ಜಾಣೆಯಂತೆ ಮೊಬೈಲಿನಲ್ಲಿ ಅಂಥದೇ ಗೆರೆ ನೋಡಿ, "ಮೂರ ತಾಸ್ರಿ ಅತ್ತಿ" ಎಂದುಬಿಟ್ಟೆ. ಅವರು ಅದನ್ನು ಓಣಿಗೆಲ್ಲ ಸಾರಿ, ಮಗಳಿಗೂ ಫೋನು ಮಾಡಿದರು: "ಮಧ್ಯಾಹ್ನಕ್ಕ ನಿನ್ನ ಮನ್ಯಾಗ ಇರ್ತೀನಿ ನೋಡ." ಕಟ್ಟಿಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ನಾನೇ ಕೈಯಾರೆ ತೆಗೆದಿಟ್ಟೆ. "ಮೂರ ತಾಸಿಗೆ ಯಾರ್ ಬುತ್ತಿ ಕಟ್ತಾರ್ರಿ?"

ಆ ಮೂರು ತಾಸು ಅಥಣಿಯಿಂದ ಬೆಳಗಾವಿ ಮುಟ್ಟುವಷ್ಟರಲ್ಲೇ ತೀರಿತು. ಅಲ್ಲಿಂದ ಬೆಂಗಳೂರಿಗೆ ಒಂದು ವಿಮಾನ. ಬೆಂಗಳೂರಿನಲ್ಲಿ ಇನ್ನೊಂದಕ್ಕೆ ಕಾಯಬೇಕು. ಅತ್ತೆಯವರು ಸ್ಟೀಲಿನ ಕುರ್ಚಿಯ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತು ನನ್ನನ್ನೇ ನೋಡಿದರು.

"ನಿನ್ನ ಫೋನ ಹಕ್ಕಿಗಿ ದಾರಿ ಹೇಳೇತಿ, ಮಂದಿಗಲ್ಲ."

ಅದೇ ಬಾಣಲೆಯಲ್ಲಿ ತತ್ತಿ ಕರಿದಿರುತ್ತಾರೆಂದು ಅವರು ಅಲ್ಲಿನ ತಿಂಡಿ ಮುಟ್ಟಲಿಲ್ಲ, ನನಗೂ ಮುಟ್ಟಗೊಡಲಿಲ್ಲ. ನನ್ನ ಹೊಟ್ಟೆ ಗುರ್ ಎಂದದ್ದು ಅವರಿಗೆ ಕೇಳಿಸಿತೋ ಏನೋ, ಬಾಣಂತಿಗೆಂದು ತಂದ ಅಂಟಿನುಂಡಿಯ ಡಬ್ಬಿ ತೆರೆದು, ಒಂದನ್ನು ಮುರಿದು ಅರ್ಧ ಕೊಟ್ಟರು. "ತಿನ್ನ. ಸವಿತಾಗ ಎಷ್ಟ ಅದಾವಂತ ಹೇಳಿಲ್ಲ."

ಗುವಾಹಟಿಯ ಮನೆ ಮುಟ್ಟಿದಾಗ ಐದೂಕಾಲು. ಹೊರಗೆ ಕತ್ತಲೆ! ಚಳಿಗಾಲದಲ್ಲಿ ಆ ಮೂಡಣದ ಊರಿನಲ್ಲಿ ಸೂರ್ಯ ಅಷ್ಟು ಬೇಗ ಮನೆಗೆ ಹೋಗುತ್ತಾನೆಂದು ಮೊಬೈಲು ಹೇಳಿರಲಿಲ್ಲ. ಭೂಗೋಳ ಕಲಿಸಿದ ಸಿಸ್ಟರ್ ಹೇಳಿದ್ದರೇನೋ, ನಾನು ಕಿಟಕಿಯಾಚೆ ನೋಡುತ್ತಿದ್ದಿರಬೇಕು. ದೀಪ ಹಚ್ಚದೆ ಕಾದಿದ್ದ ಸವಿತಾ ಅತ್ತೇಬಿಟ್ಟಳು. "ಹೊತ್ತ ಮುಳಗಿ ಹೋತಲ್ಲ ಯವ್ವಾ!"

ಅತ್ತೆಯವರು ನಿಧಾನವಾಗಿ ಕೈಕಾಲು ತೊಳೆದು ಬಂದರು. "ಟೈಮ್ ಎಷ್ಟಾತು?"

"ಐದೂಕಾಲ್ರಿ," ಎಂದೆ, ನೆಲ ನೋಡುತ್ತ.

"ಅಥಣ್ಯಾಗ ಇನ್ನಾ ಬಿಸಲ ಐತಿ. ಶೆಟಿಗೆವ್ವ ನಮ್ಮ ಮನ್ಯಾಕಿ, ಅಲ್ಲಿಂದನ ಬರಬೇಕಲ್ಲ? ಆಕಿನ್ನೂ ಬೆಂಗಳೂರಾಗ ಕುಂದರಿಸಿರ್ತಾರ. ಅಳೂದ ಬಿಡ, ಬತ್ತಿ ಕೊಡ."

ಅಳುತ್ತಿದ್ದವಳು ನಕ್ಕಳು. ದೀಪ ಹತ್ತಿತು. ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಶೆಟಿಗೆವ್ವ ಬರೆದದ್ದರ ಬಗ್ಗೆ ನಮ್ಮದೇನೂ ತಕರಾರಿಲ್ಲ. ಹುಡುಗಿ ಬರೆಯುವುದು ಮಾತ್ರ ಕೋಳಿಕಾಲು.

ನಿನ್ನೆ ನಮ್ಮವರು, "ಎರಡೂವರಿ ತಾಸು, ಅಷ್ಟ ನೋಡ" ಎಂದು ಮೊಬೈಲನ್ನು ನನ್ನತ್ತ ತಿರುಗಿಸಿದರು. ನಾನು ಗೆರೆಯನ್ನು ನೋಡಲೇ ಇಲ್ಲ.

"ಅಲ್ಲೆ ಹೊತ್ತ ಎಷ್ಟಕ್ಕ ಮುಳಗತೈತ್ರಿ?" ಎಂದು ಕೇಳಿದೆ.