ಕೊನೆಯ ಗದ್ದೆ ಕುಡಿದ ಮೇಲೆ

ಹೆಮ್ಮಿಗೆಯ ನಾಲೆ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ನೀರುಗಂಟಿ ಚಾಮಯ್ಯನವರ ನೆನಪು ಒತ್ತರಿಸಿ ಬರುತ್ತದೆ. ನಂಜನಗೂಡಿನಿಂದ ಹೊರಟು, ತಿ. ನರಸೀಪುರದಲ್ಲಿ ಬಸ್ಸು ಬದಲಿಸಿ, ಭಾನುವಾರದ ಪ್ರಾರ್ಥನೆ ನಡೆಸಲು ನಾನು ಆ ಊರಿಗೆ ಹೋಗುತ್ತಿದ್ದ ವರ್ಷಗಳವು. ದೀಕ್ಷಾಸ್ನಾನದಲ್ಲಿ ಅವರಿಗೆ ಸಮಾಧಾನಪ್ಪ ಎಂದು ಹೆಸರಿಟ್ಟಿದ್ದೆವು. ಊರಿಗೆ ಮಾತ್ರ ಅವರು ಕಡೆಯವರೆಗೂ ಚಾಮಯ್ಯನೇ. ಹಾಡುವಾಗ ಶ್ರುತಿ ತಪ್ಪುತ್ತಿದ್ದರು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ನಿದ್ದೆಗೆ ಜಾರುತ್ತಿದ್ದರು. ಆದರೂ ನೀತಿಯೆಂದರೇನೆಂದು ಯಾರಾದರೂ ಕೇಳಿದರೆ, ನನ್ನ ಬೋಧನೆಗಳನ್ನೆಲ್ಲ ಬದಿಗಿಟ್ಟು ಆ ಮನುಷ್ಯನ ಕೆಸರು ಮೆತ್ತಿದ ಕೈಗಳನ್ನೇ ನೆನೆಯುತ್ತೇನೆ.

ನಾಲೆಯ ನೀರನ್ನು ಸರದಿಯಂತೆ ಗದ್ದೆಗದ್ದೆಗೂ ಹಂಚುವುದು ನೀರುಗಂಟಿಯ ಕೆಲಸ. ಚಾಮಯ್ಯನವರ ತುಂಡು ಗದ್ದೆ ನಾಲೆಯ ಬಾಯಲ್ಲೇ ಇತ್ತು. ಆದರೆ ಅವರ ತಂದೆಯ ಕಾಲದಿಂದ ಒಂದು ಕಟ್ಟಳೆ ನಡೆದುಬಂದಿತ್ತು: ಕೊನೆಯ ಗದ್ದೆ ಕುಡಿದ ಮೇಲೆಯೇ ನೀರುಗಂಟಿಯ ಗದ್ದೆಗೆ ನೀರು. ಆ ಕೊನೆಯ ಗದ್ದೆ ಊರ ಯಜಮಾನ ಶಂಭುಲಿಂಗಪ್ಪನವರದು. “ಭಾನುವಾರ ಪ್ರಾರ್ಥನೆಗೆ ಕೂರೋನು ನೀರು ಕಾಯ್ತಾನೇನ್ರಯ್ಯ?” ಎಂದು ಊರಿನವರನ್ನು ಸೇರಿಸಿ, ಚಾಮಯ್ಯನವರನ್ನು ಕೆಲಸದಿಂದ ಬಿಡಿಸಲು ನೋಡಿದವರು ಅವರೇ. ಪ್ರಾರ್ಥನೆಯ ಹೊತ್ತಿನಲ್ಲಿ ನೀರು ಕಾಯುತ್ತಿದ್ದವರು ಚಾಮಯ್ಯನವರ ಹೆಂಡತಿ ಚಿಕ್ಕಬಸಮ್ಮ.

ಒಂದು ಬೇಸಿಗೆಯ ಭಾನುವಾರ, ಸಂಜೆಗೆ ನಾಲೆ ನಿಲ್ಲುತ್ತದೆಂದು ಸುದ್ದಿ ಬಂತು. ಭತ್ತ ಹೊಡೆ ಬಿಚ್ಚಿ ತೆನೆ ಹೊರಡುವ ಹೊತ್ತು. ಆಗ ನೀರು ತಪ್ಪಿದರೆ ತೆನೆಯೆಲ್ಲ ಜೊಳ್ಳು. ಉಳಿದ ನೀರು ಒಂದು ಗದ್ದೆಗೆ ಮಾತ್ರ ಸಾಲುವಂತಿತ್ತು. ಸರದಿ ಶಂಭುಲಿಂಗಪ್ಪನವರದು. ಪ್ರಾರ್ಥನೆ ಮುಗಿಸಿ ಚಾಮಯ್ಯನವರ ಜೊತೆ ನಾನೂ ನಾಲೆಗೆ ಹೋದೆ. ಚಿಕ್ಕಬಸಮ್ಮ ಆಗಲೇ ತಮ್ಮ ಗದ್ದೆಯ ಬಾಯಿಗೆ ಕಟ್ಟಿದ್ದ ಹುಲ್ಲುಕೆಸರಿನ ಮಡೆ ಬಿಚ್ಚಿ, ನೀರನ್ನು ಒಳಕ್ಕೆ ತಿರುಗಿಸಿಕೊಂಡಿದ್ದರು.

ಚಾಮಯ್ಯ ಕುಕ್ಕರಗಾಲಲ್ಲಿ ಕೂತು, ಹುಲ್ಲನ್ನು ಕೆಸರಿನಲ್ಲಿ ಕಲೆಸಿ ಆ ಬಾಯಿಗೆ ಮೆತ್ತತೊಡಗಿದರು.

“ವರ್ಸದ ಅನ್ನ ಕಣಯ್ಯ ಅದು!” ಎಂದು ಚಿಕ್ಕಬಸಮ್ಮ ಕೂಗಿದರು. “ನಿನ್ನ ಓಡ್ಸಕ್ಕೆ ನೋಡ್ದೋನ್ಗೆ ಕುಡಿಸ್ತೀಯಲ್ಲ!”

“ಮಳೆ ಉಯ್ಯುವಾಗ ಆ ತಂದೆ ಇದ್ಯಾರ್ ಗದ್ದೆ ಅಂತ ಕೇಳ್ತಾನಮ್ಮೀ? ಸರದಿ ಅವರ್ದು.”

“ಅವ್ನಿಗೇನು, ಆಕಾಸದ್ ತುಂಬ ನೀರದೆ. ನಿಂಗೆಲ್ಲದೆ?” ಎಂದವರು ನನ್ನ ಕಡೆ ತಿರುಗಿದರು. “ನೀವಾದ್ರೂ ಬುದ್ಧಿ ಏಳಿ ಸಾ!”

ನಾನು ಚಾಮಯ್ಯನವರ ಕಡೆ ನೋಡಿದೆ. ಅವರು ನಕ್ಕುಬಿಟ್ಟರು. ಕೈ ಮಾತ್ರ ನಿಲ್ಲಲಿಲ್ಲ. ಕೆಸರು ಮತ್ತೆ ಮತ್ತೆ ಕೊಚ್ಚಿಹೋಗುತ್ತಿತ್ತು. ಚಿಕ್ಕಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಸೀರೆ ಎತ್ತಿಕಟ್ಟಿ, ಗಂಡನನ್ನು ಪಕ್ಕಕ್ಕೆ ತಳ್ಳಿದರು. “ಸರಿ ಅತ್ಲಾಗೆ. ನೀನ್ ಕಟ್ಟಿದ್ ಮಡೆ ಯಾವತ್ ನಿಂತದೆ?”

ಆ ಮಡೆ ನಿಂತಿತು. ಸಂಜೆ ನಾಲೆಯೂ ನಿಂತಿತು. ಶಂಭುಲಿಂಗಪ್ಪನವರ ಗದ್ದೆ ತೆನೆ ತೂಗಿತು. ಚಾಮಯ್ಯನವರದು ದನಗಳಿಗೆ ಮೇವಾಯಿತು. ಆ ವರ್ಷ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ರಾಗಿಮುದ್ದೆಯೇ. ಕೃತಜ್ಞತೆಯ ಪ್ರಾರ್ಥನೆ ಮಾತ್ರ ಒಂದಿಷ್ಟೂ ಮೊಟಕಾಗಲಿಲ್ಲ.

ಮುಂದಿನ ಬೆಳೆಗೆ ನೀರು ಬಿಟ್ಟ ದಿನ ನಾನೂ ನಾಲೆಯ ಬಳಿ ಇದ್ದೆ. ಶಂಭುಲಿಂಗಪ್ಪನವರೇ ಪಂಚೆ ಎತ್ತಿಕಟ್ಟಿ ಬಂದು ಚಾಮಯ್ಯನವರ ಮಡೆ ಬಿಚ್ಚಲು ಬಗ್ಗಿದರು.

“ಈ ಸಲ ನಿಂದು ಮೊದ್ಲು ಕುಡೀಲಿ ಕಣಯ್ಯ.”

“ಬುಡಿ ಯಜಮಾನ್ರೇ, ನಂದು ಕಡೇಗೆ.”

“ಎಂಥ ಮೊಂಡನಯ್ಯ ನೀನು!” ಎಂದು ಬೈಯುತ್ತಲೇ ಅವರು ಹೊರಟುಹೋದರು. ಸರದಿ ಎಲ್ಲರನ್ನೂ ಮುಟ್ಟಿ ಕೊನೆಗೆ ಅವರ ಗದ್ದೆಗೆ ಬಂತು. ಸ್ವಲ್ಪ ಹೊತ್ತಿನಲ್ಲೇ ಅವರ ಕೂಗು ಕೇಳಿಸಿತು: “ನಮ್ ಗದ್ದೆ ಕುಡೀತು! ಇನ್ ಸರದಿ ನಿಂದು!”

ಚಾಮಯ್ಯ ಹೋಗಿ ನೋಡಿದರು. ಆಚೆ ಮೂಲೆಯಲ್ಲಿ ನೆಲ ಇನ್ನೂ ಒಣಗಿಯೇ ಇತ್ತು. ಶಂಭುಲಿಂಗಪ್ಪ ಬದುವಿನ ಮೇಲೆ ಬೆನ್ನು ತಿರುಗಿಸಿ ನಿಂತಿದ್ದರು. ಚಾಮಯ್ಯ ಹಿಂದಿರುಗಿ ತಮ್ಮ ಮಡೆ ಬಿಚ್ಚಿದರು. ದಾನವನ್ನು ತಗ್ಗಿದ ಮನಸ್ಸಿನಿಂದ ಸ್ವೀಕರಿಸುವುದೂ ನೀತಿಯೇ ಎಂದು ನಾನು ಅಂದು ಅರಿತೆ.

ಚಾಮಯ್ಯನವರು ಕರ್ತನಲ್ಲಿ ನಿದ್ರೆಹೋಗಿ ಮೂರು ನಾಲ್ಕು ವರ್ಷಗಳಾದವು. ನಾನು ಹೋದಾಗಲೆಲ್ಲ ಚಿಕ್ಕಬಸಮ್ಮ ಕಾಫಿ ಲೋಟ ಮುಂದಿಟ್ಟು ಅದೇ ಮಾತು ಎತ್ತುತ್ತಾರೆ. “ಅವತ್ತಿನ್ ಮಡೆ ಕಟ್ಟಿದ್ದು ನಾನು ಕಣ್ ಸಾ. ಊರೆಲ್ಲ ಅವರ್ನೇ ಒಗಳ್ತದೆ. ಬೋದ್ನೇಲಿ ನೀವಾದ್ರೂ ಸರ್ಯಾಗ್ ಏಳಿ.”

ಹೇಳುತ್ತಿದ್ದೇನೆ, ತಾಯಿ.