ಭಂಡಾರ ಮುಟ್ಟಿದ ಮಾತು

ಹೊಸ್ತಿಲ ಹೊರಗೆ ನಿಂತು, "ಮನಸ್ಸಿಲ್ಲದಿದ್ರ ಹೇಳಬ್ಯಾಡ್ರಿ, ನಮಗೇನೂ ಬ್ಯಾಸರಿಲ್ಲ" ಎಂದು ಮೊದಲೇ ಹೇಳಿ ಆಮೇಲೆ ಪ್ರಶ್ನೆ ಕೇಳುವವರು ನಮ್ಮ ಕುಲಕರ್ಣಿ ಮಾಸ್ತರರು. ಜನ ಹೇಳುತ್ತಿರಲಿಲ್ಲ. ಬಿಸಿಲಲ್ಲಿ ಸೈಕಲ್ ತುಳಿದು ಬಂದ ನಾನು ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದೆ.

ಮೊದಲ ಮಹಾಚುನಾವಣೆ ಮುಗಿದಿತ್ತು. ಸ್ವಾಮಿಗಳ ಅಪ್ಪಣೆ, ದೇವರ ಆಣೆ ಮತದ ಪೆಟ್ಟಿಗೆಯವರೆಗೂ ಹೋಗುತ್ತವೆಯೇ ಎಂಬುದು ಮಾಸ್ತರರ ಸಂಶೋಧನೆ. ಅವರು ರಾಮದುರ್ಗದ ವೈದಿಕ ಮನೆತನದವರು, ಧಾರವಾಡದಲ್ಲಿ ಕಾಲೇಜಿನ ಪ್ರಾಧ್ಯಾಪಕರು. ನಾನು ಬೈಲಹೊಂಗಲದ ಲಿಂಗಾಯತರ ಹುಡುಗ, ಅವರ ಶಿಷ್ಯ. ಈ ಕೆಲಸ ಕೈಗೂಡಿದರೆ ನನಗೂ ಕಾಲೇಜಿನಲ್ಲಿ ಜಾಗ ಸಿಗುತ್ತಿತ್ತು.

ಹೋದಲ್ಲೆಲ್ಲ ಜನ ಮೊದಲು ಕೇಳುವುದು, ನೀವು ಯಾರ ಪೈಕಿ ಎಂದು. ಮಾಸ್ತರರು ಜಾತಿ, ಮನೆತನ, ಅಜ್ಜನ ಪೂಜಾರಿಕೆ ಎಲ್ಲವನ್ನೂ ಒಪ್ಪಿಸಿಬಿಡುವರು. ಅಲ್ಲಿಗೆ ಉತ್ತರವೂ ಮಡಿ ಉಡುತ್ತಿತ್ತು. ನಾನೇ ಮಾತಾಡುತ್ತೇನೆ, ನಮ್ಮವನೆಂದು ಬಿಚ್ಚಿ ಹೇಳುತ್ತಾರೆ ಎಂದು ಗೋಗರೆದೆ.

"ನಮ್ಮಾಂವ ಅಂತ ಹೇಳೋದು ನಿನಗಪಾ. ನಾಳೆ ಅದನ್ನ ಅಚ್ಚಿನ್ಯಾಗ ಓದೋರಿಗಲ್ಲ," ಎಂದರು.

ಮನೋಳಿಯಲ್ಲಿ ಒಂದು ಓಣಿಯ ಹಿರಿಯರು, ಮತದಾನದ ಹಿಂದಿನ ದಿನ, ತಾವು ಹೇಳಿದವನಿಗೇ ಮತ ಎಂದು ಎಲ್ಲರ ಕೈಯಲ್ಲೂ ಭಂಡಾರ ಮುಟ್ಟಿಸಿದ್ದರು. ಎಲ್ಲಮ್ಮನ ಅರಿಷಿಣ ಅದು. ಮುಟ್ಟಿ ಆಡಿದ ಮಾತಿಗೆ ತಪ್ಪಿದರೆ ತಾಯಿ ಬಿಡುವುದಿಲ್ಲವೆಂದು ನಂಬಿಕೆ. ಆಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ. ಆಣೆಯಂತೆಯೇ ಹಾಕಿದ್ದೇವೆಂದು ಗಂಡಸರೆಲ್ಲ ಒಂದೇ ಪಾಠ ಒಪ್ಪಿಸಿದರು. ಬೇಸತ್ತು ಹೊರಟೆವು. ಹೊಳೆಯ ದಾರಿಯಲ್ಲಿ ಒಬ್ಬ ಹೆಂಗಸು ಕೊಡ ಇಳಿಸಿ ಮಾಸ್ತರರ ಮುಂದೆ ನಿಂತಳು. ಅವರ ಅಜ್ಜನ ಪೂಜಾರಿಕೆಯ ವಿಷಯ ಅವಳ ಕಿವಿಗೂ ಬಿದ್ದಿತ್ತು.

"ಭಟ್ರ, ಭಂಡಾರ ಒಂದಕ್ಕ ಮುಟ್ಟೇನಿ, ಚೀಟಿ ಬ್ಯಾರೆ ಪೆಟಿಗ್ಯಾಗ ಹಾಕೇನಿ. ನೀವು ಕೇಳಾಕ ಬಂದೀರಿ ಅಂದ್ರ ತಾಯಿಗೆ ಗೊತ್ತಾಗೇತಿ. ನನ್ನ ಮಗಳಿಗೆ ಏನರ ಆಕ್ಕೈತೇನ್ರಿ?"

ಇಷ್ಟು ದಿನ ಅಲೆದದ್ದು ಈ ಒಂದು ಮಾತಿಗಾಗಿ. ಮಾಸ್ತರರು ತಾನು ಭಟ್ಟನಲ್ಲ, ಮಾಸ್ತರ ಎಂದರು. ಅವಳು ದಾರಿ ಬಿಡಲಿಲ್ಲ. ಆಗ ಈ ಪುಣ್ಯಾತ್ಮ ಮೆತ್ತಗೆ, "ತಾಯಿ ಮಕ್ಕಳ ಮ್ಯಾಲೆ ಸಿಟ್ಟು ತೀರಸೂದಿಲ್ಲವಾ. ಹೋಗು, ನಿಶ್ಚಿಂತಿಯಿಂದಿರು," ಎಂದುಬಿಟ್ಟರು. ಅವಳು ಕಾಲು ಮುಟ್ಟಿ ನಮಸ್ಕರಿಸಿ ಕೊಡ ಎತ್ತಿಕೊಂಡಳು.

ಅವಳು ಮರೆಯಾದ ಮೇಲೆ, ಇದೊಂದನ್ನು ಬರೆದುಕೊಳ್ಳೋಣ ಎಂದೆ.

"ಭಟ್ಟ ಅಂತ ತಿಳಿದು ಹೇಳ್ಯಾಳ, ಭಟ್ಟನಾಗೇ ಉತ್ತರ ಕೊಟ್ಟೀನಿ. ಇನ್ನ ಮಾಸ್ತರಾಗಿ ಬರಕೊಂಡ್ರ ಅದು ಕಳವು."

ಹೆಸರು ಬೇಡ, ಒಬ್ಬ ಹೆಂಗಸು ಎನ್ನೋಣ ಎಂದೆ. ಅಷ್ಟು ಸಾಕು, ಓಣಿಯ ಹಿರಿಯರು ಮನೆಮನೆಯ ಹೆಣ್ಣುಮಕ್ಕಳನ್ನೂ ಝಾಡಿಸುತ್ತಾರೆ ಎಂದರು. ಪ್ರಶ್ನೆಯೇ ಅಂಜಿಕೆ ತಂದರೆ ಅಂಥ ಪ್ರಶ್ನೆ ತನಗೆ ಬೇಡ ಎಂದೂ ಹೇಳಿದರು. ಸಂಶೋಧನೆ ಅಲ್ಲಿಗೇ ನಿಂತಿತು. ನನ್ನ ಕಾಲೇಜಿನ ಕನಸೂ ನಿಂತಿತು. ಬೈಲಹೊಂಗಲದ ಸಾಲೆಯಲ್ಲಿ ಮಾಸ್ತರನಾದೆ. ಆ ಸಿಟ್ಟು ನನಗೆ ಬಹಳ ವರ್ಷ ಇತ್ತು.

ಎರಡನೆಯ ಚುನಾವಣೆಯ ಹೊತ್ತಿಗೆ ನಮ್ಮೂರ ಬಸ್ ನಿಲ್ದಾಣದಲ್ಲಿ ಸಿಕ್ಕರು. ಬಡಕಲಾಗಿದ್ದರು. ಇಷ್ಟು ವರ್ಷವಾಯಿತು, ಈಗಲಾದರೂ ಬರೆಯಬಹುದಲ್ಲ ಎಂದು ಚುಚ್ಚಿದೆ. ಧಾರವಾಡದ ಬಸ್ಸಿಗೆ ಕಾಲಿಡುತ್ತ ಅವರು, "ಆಕಿ ಇನ್ನೂ ಅದೇ ಓಣ್ಯಾಗ ಇದ್ದಾಳಲ್ಲೋ," ಎಂದರು. ಮತ್ತೆ ಭೇಟಿಯಾಗಲಿಲ್ಲ. ತೀರಿಕೊಂಡ ಸುದ್ದಿ ಬಂದ ದಿನ ಊಟ ಸೇರಲಿಲ್ಲ.

ಈಗ ಅವರಿಲ್ಲ, ತಡೆಯುವವರೂ ಇಲ್ಲವೆಂದು ಬರೆಯಲು ಕೂತೆ. ಊರಿನ ಹೆಸರು ಬರೆಯುವಲ್ಲಿ ಕೈ ನಿಂತಿತು. ಮನೋಳಿ ಎಂದು ಹಾಕಿದ್ದೇನೆ, ಅದು ಮನೋಳಿಯಲ್ಲ. ಹಟಮಾರಿ ಮನುಷ್ಯ, ಸತ್ತ ಮೇಲೂ ನೆಟ್ಟಗೆ ಬರೆಯಗೊಡುವುದಿಲ್ಲ.