ಸಂಗಮದ ಮೆಟ್ಟಿಲ ಮೇಲೆ ತಿಂದ ಮಡಿಲಕ್ಕಿ

ಚಿಕ್ಕಮ್ಮ, ನಮ್ಮಮ್ಮ ನಿಮಗೆಂದು ಕಟ್ಟಿ ಕಳಿಸಿದ ಮಡಿಲಕ್ಕಿಯನ್ನು ನಾನು ತಿಂದೆ. ತಿಂದು ಊರಿಗೆ ಬಂದು, ನೀವು ಅದನ್ನು ಬೇಡ ಅಂದಿರಿ ಎಂದು ಅವಳಿಗೆ ಹೇಳಿದೆ. ಹನ್ನೊಂದು ವರ್ಷದಿಂದ ಅವಳು ಅದನ್ನೇ ನಂಬಿಕೊಂಡಿದ್ದಳು — ನಿನ್ನೆ ಸಂಜೆಯವರೆಗೆ.

ನಾನು ನಿಮ್ಮಕ್ಕನ ಮಗ, ಕಿರಣ. ನೀವು ಮನೆ ಬಿಟ್ಟು ಹೋದಾಗ ನನಗೆ ನಾಲ್ಕು ವರ್ಷ. ನಿಮ್ಮ ಮುಖ ನೆನಪಿಲ್ಲ. ನೀವು ಬೇರೆ ಜಾತಿಯವರನ್ನು ಮದುವೆಯಾದಿರಿ ಎಂಬುದಷ್ಟೇ ಗೊತ್ತಿತ್ತು, ಅದೂ ದೊಡ್ಡವರು ಗುಸುಗುಸು ಮಾತಾಡುವಾಗ ಬಾಗಿಲ ಸಂದಿಯಲ್ಲಿ ಕೇಳಿಸಿಕೊಂಡಿದ್ದು. ತಾತ ಇರುವವರೆಗೆ ಆ ಮನೆಯಲ್ಲಿ ನಿಮ್ಮ ಹೆಸರು ಎತ್ತುವಂತಿರಲಿಲ್ಲ. ತಾತ ತೀರಿಕೊಂಡ ವರ್ಷ ನಾನು ತಿಪಟೂರಿನಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೆ. ನಾವು ನಾಲ್ಕು ಜನ ಗೆಳೆಯರು ಶನಿವಾರ ಮೈಸೂರು, ಭಾನುವಾರ ಶ್ರೀರಂಗಪಟ್ಟಣ ನೋಡಿಕೊಂಡು ಬರೋಣ ಎಂದು ಹೊರಟಿದ್ದೆವು. ಶ್ರೀರಂಗಪಟ್ಟಣದ ಹೆಸರು ಕೇಳಿದ್ದೇ ತಡ, ಅಮ್ಮ ಕೈಲಿದ್ದ ಮೊರ ಕೆಳಗಿಟ್ಟಳು.

ನೀವು ಅಲ್ಲಿದ್ದೀರಿ ಎಂದು ದೇವಸ್ಥಾನಕ್ಕೆ ಹೋಗಿಬಂದ ಯಾರೋ ನೆಂಟರು ಅವಳಿಗೆ ಹೇಳಿದ್ದರು. ಕೋಟೆ ಒಳಗೆ, ಗುಡಿ ಹಿಂದಿನ ಬೀದಿ, ಬಾಗಿಲಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ಮನೆ. ಆ ಶುಕ್ರವಾರ ಅವಳು ಅಟ್ಟ ಹತ್ತಿದಳು. ಕೊಬ್ಬರಿಗೆಂದು ಅಲ್ಲಿ ವರ್ಷಪೂರ್ತಿ ಒಣಗಲು ಬಿಟ್ಟಿದ್ದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಪೂರ್ತಿ ನಿಂತಿದ್ದನ್ನು ಮಾತ್ರ ಆರಿಸಿದಳು. ಚಿಪ್ಪು ಒಡೆದು, ಒಂದು ಗಾಯವೂ ಆಗದಂತೆ ಐದು ಕೊಬ್ಬರಿ ಉಂಡೆ ತೆಗೆದಳು. ಐದು ಅಚ್ಚು ಬೆಲ್ಲ, ಎರಡು ಸೇರು ಅಕ್ಕಿ, ಎಲೆ ಅಡಿಕೆ, ಬಳೆ, ಒಂದು ಹಸಿರು ರವಿಕೆ ಕಣ. ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಚೀಲಕ್ಕಿಟ್ಟಳು.

“ಇದು ಹೆಂಗಸ್ರು ತುಂಬೋದು ಕಣ್ಲಾ, ಗಂಡುಡುಗ್ರ ಕೈಲಿ ಕಳ್ಸೋದಲ್ಲ. ಆದ್ರೂ ತಗೊಂಡೋಗು. ನಿಮ್ಮಕ್ಕ ತುಂಬವ್ಳೆ ಅಂತ ಹೇಳು, ಸಾಕು.”

“ನೀನೇ ಹೋಗ್ಬರಬಾರ್ದಾ?” ಎಂದೆ.

ಅವಳು ಗಂಟನ್ನು ಇನ್ನೊಂದು ಸಲ ಬಿಗಿದಳು. “ನಾನು ಹೋಗಿ, ಅವ್ಳು ಬ್ಯಾಡ ಅಂದ್ಬುಟ್ರೆ?”

ಅಪ್ಪ ಅಮ್ಮ ಇಲ್ಲದ ಮೇಲೆ ಅಕ್ಕನೇ ತವರು. ಆ ಅಕ್ಕ ಹದಿನಾರು ವರ್ಷ ಕಾದು ಕಳಿಸುತ್ತಿದ್ದ ಮೊದಲ ಮಡಿಲಕ್ಕಿ ಅದು. ನನಗೆ ಅದು ಅರ್ಥವಾಗಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಥವಾಗಿತ್ತು.

ಮೈಸೂರಿನ ಲಾಡ್ಜಿನ ಕೋಣೆಯೆಲ್ಲ ಕೊಬ್ಬರಿ ವಾಸನೆ ಹಿಡಿಯಿತು. “ಏನ್ಲಾ, ಅರಮನೆ ನೋಡಾಕ್ ಬಂದ್ಯೋ, ಕೊಬ್ರಿ ಮಂಡಿಗೆ ಮಾಲ್ ಹಾಕಾಕ್ ಬಂದ್ಯೋ?” ಎಂದು ಗೆಳೆಯ ಸತೀಶ ರೇಗಿಸಿದ. ನಾನೂ ನಕ್ಕೆ. ನೆಂಟರ ಮನೆಗೆ ಕೊಡಬೇಕು ಎಂದೆ. ಯಾವ ನೆಂಟರು ಎಂದು ಕೇಳಿದ. ದೂರದವರು ಎಂದೆ — ಅಮ್ಮನ ಒಡಹುಟ್ಟಿದ ತಂಗಿ, ದೂರದವರು.

ಭಾನುವಾರ ಬೆಳಗ್ಗೆ ಪಟ್ಟಣದಲ್ಲಿ ಇಳಿದು, ಕೋಟೆ ನೋಡಿ, ಗುಡಿಯಲ್ಲಿ ಕೈಮುಗಿದು ಹೊರಗೆ ಬಂದೆವು. ಜ್ಯೂಸು ಕುಡಿಯೋಣ ಎಂದು ಸತೀಶ ಹಿಂದಿನ ಬೀದಿಗೆ ತಿರುಗಿದ. ಅದೇ ಬೀದಿ. ನಾನು ಕೇಳಿಕೊಂಡು ಹುಡುಕಬೇಕಾಗಲೂ ಇಲ್ಲ, ಚಿಕ್ಕಮ್ಮ. ತೆರೆದ ಬಾಗಿಲು, ಮಿಷನ್ ಸದ್ದು, ಬೀದಿಗೆ ಬೆನ್ನು ಹಾಕಿ ಬಗ್ಗಿ ಹೊಲಿಯುತ್ತಿದ್ದ ಒಬ್ಬ ಹೆಂಗಸು. ಜಡೆಯನ್ನು ಎತ್ತಿ ಕ್ಲಿಪ್ ಹಾಕಿದ್ದಿರಿ. ಕುತ್ತಿಗೆಯಲ್ಲಿ ಅಳತೆ ಟೇಪು ಇತ್ತು.

ಹತ್ತು ಹೆಜ್ಜೆ. ‘ಚಿಕ್ಕಮ್ಮ’ ಎಂದು ಕರೆದರೆ ಗೆಳೆಯರೂ ಒಳಗೆ ಬರುತ್ತಾರೆ. ಗೋಡೆಯ ಮೇಲೆ ಯಾವ ದೇವರ, ಯಾವ ನಾಯಕರ ಪಟ ಇದೆ ಎಂದು ನೋಡುತ್ತಾರೆ. ನಿಮ್ಮ ಯಜಮಾನರು ಹೊರಗೆ ಬಂದು ಮಾತಾಡಿಸುತ್ತಾರೆ. ತಿಪಟೂರಿಗೆ ವಾಪಸು ಹೋಗುವ ಬಸ್ಸಿನಲ್ಲಿ ಯಾರಾದರೂ ಒಬ್ಬರು ಮೆಲ್ಲಗೆ ಕೇಳುತ್ತಾರೆ, ಅವರು ಯಾವ ಜನ ಕಣ್ಲಾ ಎಂದು. ಆ ಒಂದು ಪ್ರಶ್ನೆಗೆ ನಾನು ಹೆದರಿದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಜಾತಿ ಹೋಗಬೇಕು ಎಂದು ಮಾತಾಡಿ ಬಹುಮಾನ ತಗೊಂಡಿದ್ದವನು ನಾನು! ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡು ನಿಮ್ಮ ಬಾಗಿಲು ದಾಟಿದೆ.

ಆಮೇಲೆ ಬಂದು ಕೊಡುತ್ತೇನೆ ಎಂದುಕೊಂಡೆ. ಸಂಗಮಕ್ಕೆ ಹೋದೆವು. ತೆಪ್ಪದಲ್ಲಿ ಒಂದು ಸುತ್ತು ಹಾಕಿ ಮೆಟ್ಟಿಲ ಮೇಲೆ ಕೂತಾಗ ಎಲ್ಲರಿಗೂ ಹಸಿವು. ಸತೀಶ ಚೀಲಕ್ಕೆ ಕೈಹಾಕಿ, “ಒಂದೇ ಒಂದು ಉಂಡೆ ಕಣ್ಲಾ, ನಿಮ್ ನೆಂಟ್ರು ಎಣಿಸ್ಕೊಂಡು ಕೂತಿರ್ತಾರಾ?” ಎಂದ. ಗಂಟು ಬಿಚ್ಚಿದವನು ಅವನಲ್ಲ, ನಾನು. ಕೊಬ್ಬರಿಯನ್ನು ಕಲ್ಲಿಗೆ ಕುಟ್ಟಿ ಹೋಳು ಮಾಡಿ ಬೆಲ್ಲದ ಜೊತೆ ಹಂಚಿದವನೂ ನಾನೇ. ನಮ್ಮ ಕಡೆ ಹುಡುಗರಿಗೆ ಕೊಬ್ಬರಿ ಬೆಲ್ಲ ಸಿಕ್ಕರೆ ನಿಲ್ಲಿಸುವುದು ಗೊತ್ತಿಲ್ಲ. ಒಂದು ಎರಡಾಯಿತು, ಐದೂ ಮುಗಿದವು. ರುಚಿಯಾಗಿತ್ತು. ಅದನ್ನೂ ಹೇಳಬೇಕು. ಉಳಿದ ಅಕ್ಕಿಯನ್ನು ಮೀನಿಗೆ ಚೆಲ್ಲಿದೆವು. ಬಳೆಯನ್ನೂ ರವಿಕೆ ಕಣವನ್ನೂ ಅಲ್ಲೇ ಹೂವು ಮಾರುತ್ತಿದ್ದ ಅಜ್ಜಿಗೆ ಕೊಟ್ಟೆ. ಅವರು ನನ್ನ ತಲೆ ಮುಟ್ಟಿ ಹರಸಿದರು.

ಊರಿಗೆ ಬಂದಾಗ ಅಮ್ಮ ಬಸ್ ಸ್ಟಾಪಿನಲ್ಲೇ ನಿಂತಿದ್ದಳು. ಅವಳು ಯಾವತ್ತೂ ಹಾಗೆ ಬಂದು ನಿಂತವಳಲ್ಲ.

“ಸಿಕ್ಕಿದ್ಲೇನ್ಲಾ?”

“ಹೂಂ.”

“ಕೊಟ್ಟೇನ್ಲಾ?”

ಕೊಟ್ಟೆ ಎನ್ನಬಹುದಿತ್ತು. ಆದರೆ ಕೊಟ್ಟೆ ಎಂದರೆ ಅವಳು ಮುಂದಿನ ವಾರವೇ ಹೊರಟು ನಿಮ್ಮ ಮನೆಗೆ ಬರುತ್ತಿದ್ದಳು, ನನ್ನ ಬಣ್ಣ ಬಯಲಾಗುತ್ತಿತ್ತು. ಮನೆ ಸಿಗಲಿಲ್ಲ ಎಂದರೆ ಇನ್ನೊಂದು ಸಲ ಹುಡುಕಿಸುತ್ತಿದ್ದಳು. ಅವಳು ಮತ್ತೆ ಆ ದಿಕ್ಕಿಗೆ ತಲೆ ಹಾಕದಂತೆ ಮಾಡುವ ಮಾತು ಒಂದೇ ಒಂದಿತ್ತು. ಅದನ್ನು ಅವಳೇ ನನಗೆ ಹೇಳಿಕೊಟ್ಟಿದ್ದಳು.

“ಬ್ಯಾಡ ಅಂದ್ರು ಕಣಮ್ಮ.”

ನನ್ನ ಖಾಲಿ ಹೆಗಲು ನೋಡಿದಳು. ಚೀಲ ಎಲ್ಲಿ ಎಂದಳು. ಬೇಡ ಅಂದಿದ್ದನ್ನು ಮನೆಗೆ ತರಬಾರದು ಎಂದು ಹೊಳೆಗೆ ಬಿಟ್ಟೆ ಎಂದೆ. “ಒಳ್ಳೇದ್ ಮಾಡ್ದೆ ಬುಡು,” ಎಂದಳು. ಮನೆಯ ದಾರಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು — “ಹೆಂಗವ್ಳೆ?” ಚೆನ್ನಾಗವ್ರೆ, ಮೈಕೈ ತುಂಬ್ಕೊಂಡವ್ರೆ ಎಂದೆ.

ಇನ್ನೊಂದಿದೆ. ಈ ಕಾಗದಕ್ಕೆ ಕಾದಿರುವ ಅಮ್ಮ ಅಂಗಳದಿಂದ “ಆಯ್ತೇನ್ಲಾ?” ಎಂದು ಎರಡನೇ ಸಲ ಕೂಗಿದ್ದಾಳೆ.

ಮೂರು ವರ್ಷದ ಹಿಂದೆ ನಿಮ್ಮ ಮಗಳ ಮದುವೆಯ ಪತ್ರಿಕೆ ಅಂಚೆಯಲ್ಲಿ ಬಂತು. ಅಮ್ಮನಿಗೆ ಓದು ಬರುವುದಿಲ್ಲ, ನಾನೇ ಓದಿದೆ. ಅಚ್ಚಾಗಿದ್ದದ್ದನ್ನೆಲ್ಲ ಓದಿದೆ. ಕೆಳಗೆ ಮೂಲೆಯಲ್ಲಿ ನೀವು ಪೆನ್ನಿನಿಂದ ಬರೆದಿದ್ದಿರಿ — ‘ಅಕ್ಕ, ನೀನೊಬ್ಬಳು ಬಂದರೆ ನನಗೆ ತವರೇ ಬಂದ ಹಾಗೆ.’ ಅದನ್ನು ಓದಲಿಲ್ಲ. ಓದಿದ್ದರೆ ಅವಳು ಕೇಳುತ್ತಿದ್ದಳು, ಹೀಗೆ ಬರೆದವಳು ಯಾಕೆ ಬ್ಯಾಡ ಅಂದ್ಲು ಎಂದು. “ನನ್ ಮಡಿಲಕ್ಕಿ ಬ್ಯಾಡ ಅಂದೋಳು ಈಗ್ಯಾಕ್ ಕರೀತಾಳೆ? ಗಂಡಿನೋರ ಮುಂದೆ ತವ್ರು ತೋರ್ಸಾಕಾ?” ಎಂದು ಅಮ್ಮ ಪತ್ರಿಕೆಯನ್ನು ಪೆಟ್ಟಿಗೆಗೆ ಹಾಕಿದಳು. ನಾನು ಪತ್ರಿಕೆಯ ಕವರನ್ನು ಮಡಚುತ್ತ ನಿಂತಿದ್ದೆ.

ಮದುವೆಯ ದಿನ ನಮ್ಮ ಮನೆಯಲ್ಲಿ ಕೊಬ್ಬರಿ ಒಡೆಯುತ್ತಿದ್ದರು. ನಮ್ಮೂರಲ್ಲಿ ಅವಳಷ್ಟು ನಾಜೂಕಾಗಿ ಚಿಪ್ಪು ಬಿಡಿಸುವವರಿಲ್ಲ. ಅವತ್ತು ಅವಳ ಕೈಯಲ್ಲಿ ಉಂಡೆಯ ಮೇಲೆ ಉಂಡೆ ಹೋಳಾಯಿತು. ಏನಾಯ್ತಕ್ಕ ಎಂದು ಕೂಲಿಯವರು ಕೇಳಿದರೆ, ಕಾಯೇ ಸರಿಯಿಲ್ಲ ಕಣ್ರೇ ಎಂದಳು. ನಾನು ಶಾಲೆಗೆ ತಡವಾಯಿತು ಎಂದು ಬೈಕ್ ಹತ್ತಿದೆ. ಈಗ ಚಿಕ್ಕನಾಯಕನಹಳ್ಳಿಯ ಹತ್ತಿರ ಮೇಷ್ಟ್ರಾಗಿದ್ದೇನೆ. ಪ್ರತಿವರ್ಷ ಮಕ್ಕಳ ಪ್ರವಾಸದ ಪಟ್ಟಿ ಮಾಡುವಾಗ ಶ್ರೀರಂಗಪಟ್ಟಣ ಬಿಟ್ಟು ಬೇರೇನಾದರೂ ಹಾಕುತ್ತೇನೆ. ಯಾಕೆ ಸಾರ್ ಎಂದರೆ ಬಿಸಿಲು ಎನ್ನುತ್ತೇನೆ.

ನನಗೆ ಹೆಣ್ಣು ಗೊತ್ತಾಗಿದೆ. ನಿನ್ನೆ ಸಂಜೆ ಯಾರು ಯಾರನ್ನು ಕರೆಯಬೇಕು ಎಂದು ಅಮ್ಮ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ತವರು ಮನೆಯ ಕಡೆಯವರೆಲ್ಲ ಮುಗಿದರು. ಚಿಕ್ಕಮ್ಮ ಎಂದೆ ನಾನು — ಯಾಕೆ ಎಂದೆನೋ ಗೊತ್ತಿಲ್ಲ. “ಬುಡು, ಅಲ್ಲಿ ಹೋಗಿ ನೀನು ಇನ್ನೊಂದ್ಸಲ ಬ್ಯಾಡ ಅನ್ನಿಸ್ಕೊಳ್ಳೋದ್ ಬ್ಯಾಡ,” ಎಂದಳು. ಅವಳಿಗೆ ನನ್ನ ಮೇಲೆ ಕನಿಕರ! ಆ ಬಾಗಿಲಲ್ಲಿ ನಿಂತು ಅವಮಾನ ಪಟ್ಟವನು ನಾನು ಎಂದು ಇಷ್ಟು ವರ್ಷ ಮರುಗಿದ್ದಾಳೆ. ಅದು ನನಗೆ ತಡೆಯಲಾಗಲಿಲ್ಲ. ಹೇಳಿದೆ. ಬೀದಿ, ಸಂಗಮ, ಕೊಬ್ಬರಿ, ಎಲ್ಲ.

ಬೈಯಲಿಲ್ಲ. “ಹಂಗಾದ್ರೆ ಅವ್ಳು ಚೆನ್ನಾಗವ್ಳೆ ಅಂದಿದ್ದು?” ಎಂದಳು.

“ಬೆನ್ನು ಮಾತ್ರ ನೋಡ್ದೆ ಕಣಮ್ಮ.”

ಎದ್ದು ಹಿತ್ತಿಲಿಗೆ ಹೋದಳು. ತುಂಬ ಹೊತ್ತು ಒಳಗೆ ಬರಲಿಲ್ಲ. ಇವತ್ತು ಬೆಳಗ್ಗೆ ಸೀರೆ ಬದಲಿಸಿಕೊಂಡು ಬಂದು ನಿಂತಳು. ಪತ್ರಿಕೆಯಲ್ಲಿ ನಿಮ್ಮ ನಂಬರಿದೆ, ಫೋನ್ ಮಾಡೋಣ ಎಂದೆ. ಬೇಡ ಎಂದಳು. ನಾನು ಜೊತೆಗೆ ಬರುತ್ತೇನೆ ಎಂದೆ. “ನೀನು ಬ್ಯಾಡ. ನಿನ್ನ ನಂಬಿ ಒಂದ್ಸಲ ಕಳ್ಸಿದ್ದಾಯ್ತಲ್ಲ. ನೀನ್ ಮಾಡಿದ್ದನ್ನ ನಾನ್ ಹೇಳಲ್ಲ, ನೀನೇ ಬರ್ಕೊಡು.” ತಿಪಟೂರು ದಾಟಿ ಅವಳು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಬಸ್ಸು ಎಲ್ಲಿ ಬದಲಿಸಬೇಕು ಎಂದು ನಾಲ್ಕು ಸಲ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಾಳೆ.

ಪತ್ರಿಕೆಯ ಆ ಸಾಲನ್ನು ಮಾತ್ರ ನಿನ್ನೆಯೂ ಹೇಳಲಿಲ್ಲ. ಈ ಕಾಗದ ಮಡಚಿ ಕೊಟ್ಟರೆ ಅವಳು ಏನೂ ತಿಳಿಯದೆ ಇದನ್ನು ಹೊತ್ತು ತರುತ್ತಾಳೆ — ಹಾಗೆ ಮಾಡಿಬಿಡೋಣ ಎಂದು ಈಗಲೂ, ಈ ಸಾಲು ಬರೆಯುವಾಗಲೂ, ಒಂದು ಕ್ಷಣ ಅನ್ನಿಸಿತು. ಇಲ್ಲ. ಮೊದಲಿಂದ ಕೊನೆಯವರೆಗೆ ಅವಳಿಗೆ ಓದಿ ಹೇಳಿಯೇ ಕೊಡುತ್ತೇನೆ. ಅದನ್ನು ಕೇಳಿದ ಮೇಲೆ ಅವಳು ನನ್ನ ಮುಖ ನೋಡುತ್ತಾಳೋ ಇಲ್ಲವೋ.

ಕ್ಷಮಿಸಿ ಎಂದು ಬರೆಯುವುದಿಲ್ಲ, ಚಿಕ್ಕಮ್ಮ. ಅವಳು ನಿಮ್ಮ ಬಾಗಿಲಿಗೆ ಬಂದಾಗ ಕೈಯಲ್ಲಿ ಈ ಕಾಗದ ಬಿಟ್ಟು ಬೇರೇನೂ ಇರುವುದಿಲ್ಲ. ಅವಳಿಗೆ ಒಳಗೆ ಬರುವ ಧೈರ್ಯ ಇರುವುದಿಲ್ಲ, ಹೊಸ್ತಿಲ ಆಚೆಯೇ ನಿಂತಿರುತ್ತಾಳೆ. ಬೇಡ ಅನ್ನುವ ಹಕ್ಕು ನಿಮಗಿದೆ. ಅನ್ನುವುದಿದ್ದರೆ ನನಗೆ ಅನ್ನಿ, ಅವಳಿಗೆ ಅನ್ನಬೇಡಿ.